ಎಸ್‌ಕ್ಯೂ3ಆರ್ ವರ್ಕ್‌ಬುಕ್: ಪದ್ಧತಿ ಸೂಪರ್, ಪುಸ್ತಕ ಸುಮಾರು

ಮಗ ಏಳನೇ ಕ್ಲಾಸು. ಪಾಠ ಗಡಗಡ ಅಂತ ಓದ್ತಾನೆ, ಒಂದಕ್ಷರ ತಪ್ಪಲ್ಲ, ಏನೋ ಓದಿದ್ದು ಹೇಳು ಅಂದ್ರೆ ಮಾತ್ರ ಸೀಲಿಂಗ್ ನೋಡ್ತಾನೆ. ಅದಕ್ಕೇ ಈ ವರ್ಕ್‌ಬುಕ್ ತರಿಸಿ ಎರಡು ತಿಂಗಳು ಮಾಡಿಸಿದೆ.

ಎಸ್‌ಕ್ಯೂ3ಆರ್ ಅಂದ್ರೆ ಸರ್ವೆ, ಕ್ವೆಶ್ಚನ್, ರೀಡ್, ರಿಸೈಟ್, ರಿವ್ಯೂ ಅಂತ ಐದು ಹಂತದಲ್ಲಿ ಪಾಠ ಓದೋ ಪದ್ಧತಿ. ಹೊಸದೇನಲ್ಲ, ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಫ್ರಾನ್ಸಿಸ್ ರಾಬಿನ್ಸನ್ ಅನ್ನೋರು 1946ರಲ್ಲೇ ಬರೆದಿಟ್ಟಿದ್ದು. ಮೊದ್ಲು ಪಾಠದ ಮೇಲೆ ಸುಮ್ನೆ ಕಣ್ಣಾಡಿಸೋದು, ಹೆಡ್ಡಿಂಗ್‌ನ ಪ್ರಶ್ನೆ ಮಾಡ್ಕೊಳ್ಳೋದು, ಉತ್ತರ ಹುಡುಕ್ತಾ ಓದೋದು, ಪುಸ್ತಕ ಮುಚ್ಚಿ ಹೇಳೋದು, ಕೊನೆಗೆ ಇನ್ನೊಂದ್ಸಲ ತಿರುವಿ ಹಾಕೋದು, ಅಷ್ಟೇ.

'ಗಾಳಿಯ ಒತ್ತಡ' ಅಂತ ಒಂದು ಹೆಡ್ಡಿಂಗ್ ಇತ್ತು, ಇವನು ಬರ್ಕೊಂಡಿದ್ದು 'ಗಾಳಿ ನನ್ನನ್ನೂ ಒತ್ತುತ್ತಾ? ಹಾಗಿದ್ರೆ ನಂಗ್ಯಾಕೆ ಗೊತ್ತಾಗಲ್ಲ?' ನಕ್ಕುಬಿಟ್ಟೆ, ಆದ್ರೆ ಆ ಉತ್ತರಕ್ಕೋಸ್ಕರ ಪುಟದ ಕೊನೇವರೆಗೂ ಓದಿದ ನೋಡಿ, ಮೈ ಒಳಗಿಂದ್ಲೂ ಅಷ್ಟೇ ಒತ್ತಡ ಇರುತ್ತೆ ಕಣಮ್ಮಾ ಅಂತ ನಂಗೇ ಪಾಠ ಮಾಡಿದ.

ವರ್ಕ್‌ಬುಕ್‌ನೋರು ಎಡವಿರೋದೂ ಇಲ್ಲೇ. ಆರನೇ ಪಾಠದಿಂದ ಪ್ರಶ್ನೆಗಳ್ನ ಅವ್ರೇ ಪ್ರಿಂಟ್ ಮಾಡಿ ಕೊಟ್ಬಿಟ್ಟಿದಾರೆ! ಅಲ್ಲಿಂದ ಇವನು ಪ್ರಶ್ನೇಲಿರೋ ಪದ ಪಾಠದಲ್ಲಿ ಎಲ್ಲಿದೆ ಅಂತ ಹುಡುಕಿ ಆ ಸಾಲನ್ನೇ ಎತ್ತಿ ಬರೆಯೋಕೆ ಶುರು, ಮತ್ತೆ ಹಳೇ ಕತೆ. ಕೊನೆಗೆ ಆ ಪ್ರಶ್ನೆಗಳ ಮೇಲೆ ಬಿಳಿ ಹಾಳೆ ಅಂಟಿಸಿದೆ.

ಪುಸ್ತಕ ಮುಚ್ಚಿ ಹೇಳೋ ಹಂತಕ್ಕಂತೂ ಎರಡೇ ಗೆರೆ ಜಾಗ, ಅಸಲಿ ಕೆಲಸ ಆಗೋದೇ ಅಲ್ಲಿ ಅಲ್ವಾ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಸಂಶೋಧಕರು ಕಾಲೇಜ್ ಸ್ಟೂಡೆಂಟ್ಸ್ ಮೇಲೆ ಪ್ರಯೋಗ ಮಾಡಿದ್ರು, 5 ನಿಮಿಷ ಬಿಟ್ಟು ಟೆಸ್ಟ್ ಕೊಟ್ಟಾಗ ಮತ್ತೆ ಮತ್ತೆ ಓದಿದೋರು ಮುಂದಿದ್ರು, ಒಂದು ವಾರ ಬಿಟ್ಟು ಕೊಟ್ಟಾಗ ನೆನಪಿಂದ ಬರೆದು ನೋಡಿದ್ದೋರು ಮುಂದಾದ್ರು. ಇದು ಮೊದ್ಲೇ ಗೊತ್ತಿದ್ದಕ್ಕೆ ನಾನು ಬಿಡ್ಲಿಲ್ಲ, ಇಲ್ದಿದ್ರೆ ಮೊದಲ ವಾರ 'ಎಲ್ಲಾ ಮರ್ತೋಗುತ್ತೆ, ನಂಗೆ ಬೇಡ' ಅಂತ ಅವನು ಮುಖ ಊದಿಸ್ಕೊಂಡಿದ್ದು ನೋಡಿ ಕೈಬಿಟ್ಬಿಡ್ತಿದ್ದೆ. ಈಗ ಮೂರ್ನಾಕು ವಿಷಯ ಸಲೀಸಾಗಿ ಹೇಳ್ತಾನೆ, ತಡವರಿಸಿದ ಜಾಗಕ್ಕೆ ತಾನೇ ವಾಪಸ್ ಹೋಗ್ತಾನೆ.

ವಿಜ್ಞಾನ, ಸಮಾಜಕ್ಕೆ ಓಕೆ. ಪದ್ಯಕ್ಕೂ ಇದೇ ಐದು ಹಂತ ಹಾಕಿದಾರೆ, ಅದು ಶುದ್ಧ ಹಿಂಸೆ, ಬಿಟ್ಬಿಡಿ.

ಪುಸ್ತಕಕ್ಕೆ ಎರಡೂವರೆ ಸ್ಟಾರ್. ನಾವೀಗ ಹೋದ ವರ್ಷದ ನೋಟ್‌ಬುಕ್‌ಗಳಲ್ಲಿ ಉಳಿದ ಹಾಳೆಗಳಲ್ಲೇ ಮಾಡ್ತಿದೀವಿ.