ಟವರ್ ಸಿಗ್ನಲ್ಲನ್ನು ಹಾಲೆಂದು ತೂಗಿದ ಕಥೆ: ಯುಎಸ್‌ಬಿ ನಂಬಿ ಬೋರ್ಡ್ ಕೂರಿಸುವವರಿಗೆ

ಸಂಜೆ ಆರೂವರೆಗೆ ಮಂಡ್ಯ ಕಡೆಯ ಒಂದು ಡೇರಿಯಿಂದ ಸೆಕ್ರೆಟರಿ ಫೋನ್ ಮಾಡಿದರು. "ಸಾರ್, ಇಲ್ಲೊಬ್ರು ಅಜ್ಜಿ ಜಗಳಕ್ಕೆ ನಿಂತವ್ರೆ. ಹಾಕಿರೋದು ನಾಕು ಕೇಜಿ ಹಾಲು, ಚೀಟೀಲಿ ಹದಿನೇಳು ಅಂತ ಬಂದೈತೆ." ಹಿಂದಿನಿಂದ ಅಜ್ಜಿಯ ದನಿ ಕೇಳಿಸುತ್ತಿತ್ತು. "ನಮ್ ಹಸ ಹದಿನೇಳು ಕೊಡಂಗಿದ್ರೆ ನಾನ್ಯಾಕಪ್ಪ ನಡ್ಕೊಂಡ್ ಬರ್ತಿದ್ದೆ?"

ಆ ಸಂಜೆ ಅಜ್ಜಿಗಿಂತ ಮುಂಚೆ ಹಾಲು ಹಾಕಿದ ಏಳು ಜನಕ್ಕೂ ಹದಿನೇಳೇ ಬಂದಿತ್ತು. ಅವರ‍್ಯಾರೂ ಬಾಯಿ ಬಿಟ್ಟಿರಲಿಲ್ಲ, ಅದು ಬೇರೆ ಮಾತು.

ನಾನು ಮಾಡಿಕೊಟ್ಟಿದ್ದು ದೊಡ್ಡದೇನಲ್ಲ. ಅಂಗೈಯಗಲದ ಒಂದು ಲಿನಕ್ಸ್ ಬೋರ್ಡ್, ಅಂದರೆ ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರ್. ತೂಕದ ಮಿಷಿನ್ನಿನ ಸೀರಿಯಲ್ ತಂತಿ ಒಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಅದಕ್ಕೆ ಸೇರುತ್ತದೆ. ಇನ್ನೊಂದು ಪೋರ್ಟಿನಲ್ಲಿ ಇಂಟರ್ನೆಟ್ಟಿಗೆ ಸಿಮ್ ಹಾಕಿದ ಡಾಂಗಲ್. ಮಿಷಿನ್ ತೂಕ ಕಳಿಸುತ್ತದೆ, ಬೋರ್ಡ್ ಚೀಟಿ ಪ್ರಿಂಟ್ ಮಾಡಿ ಲೆಕ್ಕವನ್ನು ಸರ್ವರಿಗೆ ಹಾಕುತ್ತದೆ. ನನ್ನ ಮೇಜಿನ ಮೇಲೆ ಮೂರು ವಾರ ಒಂದು ತಪ್ಪಿಲ್ಲದೆ ಓಡಿತ್ತು. ಆಮೇಲೆಯೇ ಹನ್ನೆರಡು ಡೇರಿಗಳಲ್ಲಿ ಕೂರಿಸಿದ್ದು.

ಮೊದಲ ತಪ್ಪು ನನ್ನದೇ, ಅದೂ ಬುದ್ಧಿವಂತಿಕೆಯ ತಪ್ಪು. ಲಿನಕ್ಸಿನಲ್ಲಿ ಇಂಥ ಕನ್ವರ್ಟರಿಗೆ ಟಿಟಿವೈಯುಎಸ್‌ಬಿ0 ಎಂಬ ಹೆಸರು ಬರುತ್ತದೆ. ಆ ಸೊನ್ನೆ ವಸ್ತುವಿನ ಗುರುತಲ್ಲ, ಬಸ್ಸಿನ ಸೀಟಿನ ಹಾಗೆ. ಮೊದಲು ಹತ್ತಿದವರಿಗೆ 0, ಆಮೇಲೆ ಬಂದವರಿಗೆ 1. ಡಾಂಗಲ್ ಕೂಡ ಇದೇ ಸಾಲಿಗೆ ಬರುತ್ತದೆ, ಒಬ್ಬನೇ ಬಂದು ಮೂರು ಸೀಟು ಹಿಡಿಯುತ್ತದೆ. ನಂಬರ್ ಬದಲಾಗಬಹುದು ಎಂದು ನನಗೂ ಗೊತ್ತಿತ್ತು. ಅದಕ್ಕೇ ಪ್ರೋಗ್ರಾಮಿನಲ್ಲಿ ಒಂದು ಲೂಪ್ ಬರೆದೆ: 0ರಿಂದ 3ರವರೆಗೆ ಒಂದೊಂದೇ ಪೋರ್ಟ್ ತೆಗೆದು ಸ್ವಲ್ಪ ಹೊತ್ತು ಕೇಳು, ಯಾವುದರಲ್ಲಿ ಅಂಕಿ ಬರುತ್ತದೋ ಅದೇ ತೂಕದ ಮಿಷಿನ್. ಬರೆದ ದಿನ ಬಹಳ ಖುಷಿಯಾಗಿತ್ತು.

ಡಾಂಗಲ್ಲೂ ಆಗಾಗ ಮಾತಾಡುತ್ತದೆ. ಯಾರೂ ಕೇಳದಿದ್ದರೂ ಸಿಗ್ನಲ್ ಎಷ್ಟಿದೆ ಎಂದು ಒಂದು ಸಾಲು ಕಳಿಸುತ್ತದೆ: "^ಆರ್‌ಎಸ್‌ಎಸ್‌ಐ:17". ನನ್ನ ಪ್ರೋಗ್ರಾಮ್ ಅಕ್ಷರ ಬಿಟ್ಟು ಅಂಕಿ ಹಿಡಿದುಕೊಂಡಿತು. ಹದಿನೇಳು ಕೇಜಿ ಹಾಲು.

ಹಾಗಾದರೆ ಮೇಜಿನ ಮೇಲೆ ಯಾಕೆ ಆಗಲಿಲ್ಲ? ಇದನ್ನು ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು. ಇಂಥ ಎಷ್ಟೋ ಡಾಂಗಲ್‌ಗಳು ಕರೆಂಟ್ ಬಂದ ಕೂಡಲೇ ಮೋಡೆಮ್ ಆಗಿ ಕಾಣುವುದಿಲ್ಲ. ಮೊದಲು ಒಂದು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತವೆ, ಒಳಗೆ ವಿಂಡೋಸ್ ಡ್ರೈವರ್ ಇಟ್ಟುಕೊಂಡು. ಲಿನಕ್ಸಿನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ರೋಗ್ರಾಮ್ ಅದಕ್ಕೊಂದು ಸಂದೇಶ ಕಳಿಸಿ "ಸಾಕು ವೇಷ" ಅಂದಮೇಲೆಯೇ ಮೋಡೆಮ್ ಆಗುವುದು. ಅದಕ್ಕೆ ಕೆಲವು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಕನ್ವರ್ಟರ್ ಆರಾಮಾಗಿ ಸೊನ್ನೆಯಲ್ಲಿ ಕೂತಿರುತ್ತದೆ. ನಾನು ಪರೀಕ್ಷೆ ಮಾಡುವಾಗಲೆಲ್ಲ ಪ್ಲಗ್ ಕಿತ್ತು ಹಾಕುತ್ತಿದ್ದೆ. ಪ್ರತಿ ಸಲ ಡಾಂಗಲ್ ಸಿಡಿಯಿಂದಲೇ ಶುರು, ಪ್ರತಿ ಸಲ ಕನ್ವರ್ಟರೇ ಮೊದಲು.

ಡೇರಿಯಲ್ಲಿ ಆಗಿದ್ದು ಬೇರೆ. ಬೋರ್ಡ್ ಹ್ಯಾಂಗ್ ಆಗಿ ವಾಚ್‌ಡಾಗ್ (ಹ್ಯಾಂಗ್ ಆಗಿದೆಯಾ ಎಂದು ಕಾಯುವ ಟೈಮರ್) ಅದನ್ನು ರೀಸೆಟ್ ಮಾಡಿತ್ತು. ರೀಸೆಟ್ ಆದರೂ ಈ ಬೋರ್ಡಿನಲ್ಲಿ ಯುಎಸ್‌ಬಿ ಪೋರ್ಟಿನ 5 ವೋಲ್ಟ್ ಹೋಗುವುದಿಲ್ಲ. ಡಾಂಗಲ್ ಮೋಡೆಮ್ ಆಗಿಯೇ ಉಳಿದಿತ್ತು, ಸಿಸ್ಟಮ್ ಏಳುತ್ತಲೇ ಮೂರು ಸೀಟು ಹಿಡಿಯಿತು. ತೂಕದ ಮಿಷಿನ್ ಮೂರನೇ ನಂಬರಿಗೆ ಹೋಯಿತು. ಅದೂ ಹೆಚ್ಚಿನ ಸಲ ನನ್ನ ಲೂಪ್ ಮೂರರವರೆಗೆ ಹೋಗಿ ಸರಿಯಾದ್ದನ್ನೇ ಹಿಡಿಯುತ್ತಿತ್ತು. ಕಿವಿಗೊಟ್ಟ ಆ ಎರಡು ಸೆಕೆಂಡಿನಲ್ಲೇ ಡಾಂಗಲ್ ಬಾಯಿಬಿಟ್ಟರೆ ಮಾತ್ರ ಕೆಡುತ್ತಿತ್ತು. ಲಾಗ್ ನೋಡೋಣ ಎಂದರೆ ಅದು ರ‍್ಯಾಮಿನಲ್ಲಿ, ರೀಸೆಟ್ ಆದರೆ ಅದೂ ಹೋಯ್ತು. ಕೊನೆಗೆ ಬೋರ್ಡ್ ಏಳುವಾಗಿನ ಸಂದೇಶಗಳು ಹೊರಬರುವ ಸೀರಿಯಲ್ ಕನ್ಸೋಲಿಗೆ ಲ್ಯಾಪ್‌ಟಾಪ್ ಕಟ್ಟಿ, ಹಾಲಿನ ಕ್ಯಾನ್ ಬೋರಲು ಹಾಕಿ ಅದರ ಮೇಲೆ ಕೂತು ಕಾದೆ. "ಜಿಎಸ್‌ಎಂ ಮೋಡೆಮ್ ಕನ್ವರ್ಟರ್ ನೌ ಅಟ್ಯಾಚ್ಡ್ ಟು ಟಿಟಿವೈಯುಎಸ್‌ಬಿ0" ಎಂಬ ಸಾಲು, ಅಂದರೆ ಸೊನ್ನೆಯಲ್ಲಿ ಕೂತಿದ್ದು ಡಾಂಗಲ್ ಎಂಬುದು, ಕಂಡಾಗ ಒಂದು ಕಡೆ ನಗು, ಒಂದು ಕಡೆ ನಾಚಿಕೆ.

ಇನ್ನು ಬೋರ್ಡ್ ಹ್ಯಾಂಗ್ ಆಗಿದ್ದು ಯಾಕೆ? ಕೇಬಲ್. ಅಡಾಪ್ಟರ್ ಮೇಲೆ 5 ವೋಲ್ಟ್ 2 ಆಂಪಿಯರ್ ಎಂದಿತ್ತು, ಅದು ಸುಳ್ಳೂ ಅಲ್ಲ. ಆದರೆ ಪ್ಲಗ್ ಪಾಯಿಂಟ್ ದೂರ ಎಂದು ಎರಡು ಮೀಟರ್ ಉದ್ದದ ಅಗ್ಗದ ಯುಎಸ್‌ಬಿ ಕೇಬಲ್ ಹಾಕಿದ್ದೆವು. ಸೀಳಿ ನೋಡಿದರೆ ಒಳಗೆ ಕೂದಲಿನಂಥ 28 ಗೇಜ್ ತಂತಿ. ಅದಕ್ಕೆ ಮೀಟರಿಗೆ ಸುಮಾರು 0.21 ಓಮ್. ಹೋಗುವ ತಂತಿ, ಬರುವ ತಂತಿ ಸೇರಿ ನಾಲ್ಕು ಮೀಟರ್, ಅಂದರೆ 0.85 ಓಮ್ ಹತ್ತಿರ. 1 ಆಂಪಿಯರ್ ಎಳೆದರೆ 0.85 ವೋಲ್ಟ್ ದಾರಿಯಲ್ಲೇ ಖರ್ಚು, ಬೋರ್ಡಿಗೆ ಉಳಿಯುವುದು 4.15. ಸಿಗ್ನಲ್ ಕಮ್ಮಿ ಇರುವ ಊರಲ್ಲಿ ಡಾಂಗಲ್ ಟವರ್ ಹಿಡಿಯಲು ಜೋರಾಗಿ ಕೂಗುತ್ತದೆ, ಆಗ ಇನ್ನೂ ಜಾಸ್ತಿ ಎಳೆಯುತ್ತದೆ. ಲಾಗಿನಲ್ಲಿ "ಎರರ್ -71" ಅಥವಾ "ಎರರ್ -110" (ಯುಎಸ್‌ಬಿ ಮಾತುಕತೆ ಕೆಟ್ಟಿದೆ ಎಂದರ್ಥ) ಕಂಡರೆ ಡ್ರೈವರನ್ನು ಬೈಯುವ ಮೊದಲು ಮಲ್ಟಿಮೀಟರ್ ತಗೊಳ್ಳಿ. ಅಡಾಪ್ಟರ್ ಬುಡದಲ್ಲಲ್ಲ, ಬೋರ್ಡಿನ ಪಿನ್ನಿನ ಮೇಲೆ ಇಟ್ಟು, ಡಾಂಗಲ್ ಕೆಲಸ ಮಾಡುತ್ತಿರುವಾಗ ಅಳೆಯಿರಿ. ನಾವು ಈಗ ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದ್ದೇವೆ. ಡಾಂಗಲ್ಲಿಗೆ ಬೇರೆ ಅಡಾಪ್ಟರ್ ಇರುವ ಹಬ್. ಹ್ಯಾಂಗ್ ನಿಂತಿದೆ.

ಹೆಸರಿನ ಗೋಳಿಗೆ ಯುಡೆವ್ (ಲಿನಕ್ಸಿನಲ್ಲಿ ಚುಚ್ಚಿದ ವಸ್ತುಗಳಿಗೆ ಹೆಸರಿಡುವ ಪ್ರೋಗ್ರಾಮ್) ರೂಲ್ ಬರೆದೆ: ನಮ್ಮ ಕನ್ವರ್ಟರಿನ ಐಡಿ, ಅಂದರೆ ವೆಂಡರ್ 1ಎ86, ಪ್ರಾಡಕ್ಟ್ 7523 ಇರುವ ಪೋರ್ಟಿಗೆ "ತೂಕ" ಎಂಬ ಖಾಯಂ ಹೆಸರು. ಪ್ರೋಗ್ರಾಮ್ ಅದನ್ನು ಬಿಟ್ಟು ಬೇರೆ ಪೋರ್ಟ್ ಮುಟ್ಟುವುದೇ ಇಲ್ಲ. ಆದರೆ ಮೂರು ಡೇರಿಗಳಲ್ಲಿ ಫ್ಯಾಟ್ ನೋಡುವ ಮಿಷಿನ್ನಿಗೂ ಅಂಥದ್ದೇ ಇನ್ನೊಂದು ಕನ್ವರ್ಟರ್ ಇತ್ತು. ನಮ್ಮಲ್ಲಿದ್ದ ಸಿಎಚ್340 ಚಿಪ್ಪಿನೊಳಗೆ ಸೀರಿಯಲ್ ನಂಬರೇ ಇರುವುದಿಲ್ಲ. ಎರಡಿಟ್ಟರೆ ಅವಳಿ ಮಕ್ಕಳು, ಐಡಿ ನೋಡಿ ಹೇಳುವ ಹಾಗಿಲ್ಲ. ಅಲ್ಲಿ ಯಾವ ಸಾಕೆಟ್ಟಿನಲ್ಲಿದೆ ಎಂಬುದರ ಮೇಲೆ, ಅಂದರೆ ಬೈ-ಪಾತ್ ಹೆಸರಿನ ಮೇಲೆ ಹೋಗಬೇಕಾಯಿತು. ಹಾಗೆ ಮಾಡಿದ ಮೇಲೆ ಗುಡಿಸುವಾಗ ಯಾರೋ ಎರಡನ್ನೂ ಅದಲುಬದಲು ಮಾಡಿದರು. ಈಗ ಸಾಕೆಟ್ಟಿಗೂ ತಂತಿಗೂ ನೇಲ್ ಪಾಲಿಶ್ ಹಚ್ಚಿದ್ದೇವೆ, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು. ಜೊತೆಗೆ ಸಾಲಿನ ಕೊನೆಯಲ್ಲಿ "ಕೆಜಿ" ಇಲ್ಲದಿದ್ದರೆ ಪ್ರೋಗ್ರಾಮ್ ಚೀಟಿಯನ್ನೇ ಕೊಡುವುದಿಲ್ಲ. ಚೀಟಿ ಬರದಿದ್ದರೆ ಫೋನ್ ಬರುತ್ತದೆ, ಬರಲಿ. ತಪ್ಪು ಚೀಟಿ ಬಂದರೆ ಫೋನೂ ಬರುವುದಿಲ್ಲ, ಅಲ್ವಾ?

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಡೇರಿಗಳಿಗೆಂದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇನ್ನೈದು ಕನ್ವರ್ಟರ್ ತಂದೆ. ಅದೇ ಅಂಗಡಿ, ಅದೇ ನೀಲಿ ಬಣ್ಣ, ಅದೇ ಪ್ಯಾಕೆಟ್. ಬೋರ್ಡಿಗೆ ಹಾಕಿದರೆ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಡುವ ಯುಎಸ್‌ಬಿ ವಸ್ತುಗಳ ಪಟ್ಟಿಯಲ್ಲಿ ಕಾಣುತ್ತದೆ, ಟಿಟಿವೈಯುಎಸ್‌ಬಿ ಪೋರ್ಟ್ ಮಾತ್ರ ಹುಟ್ಟುವುದಿಲ್ಲ. ಪಟ್ಟಿಯಲ್ಲಿ ಕಂಡರೆ ತಂತಿ ಸರಿಯಿದೆ ಎಂದಷ್ಟೇ ಅರ್ಥ. ಐಡಿ ನೋಡಿದರೆ 10ಸಿ4:ಇಎ60, ಒಳಗಿನ ಚಿಪ್ಪೇ ಬೇರೆ. ಅದರ ಡ್ರೈವರ್ ಲಿನಕ್ಸಿನಲ್ಲಿ ಎಷ್ಟೋ ವರ್ಷಗಳಿಂದ ಇದೆ. ಆದರೆ ಬೋರ್ಡ್ ಮಾರಿದವರು ಕೊಟ್ಟ ಕರ್ನಲ್ಲಿನಲ್ಲಿ (ಲಿನಕ್ಸಿನ ತಿರುಳು) ಅದನ್ನು ಸೇರಿಸಿರಲಿಲ್ಲ. ಸರಿ, ಆ ಡ್ರೈವರನ್ನು ಬೇರೆಯಾಗಿ ಸೇರಿಸುವ ತುಂಡಾಗಿ, ಅಂದರೆ ಮಾಡ್ಯೂಲಾಗಿ, ನಾನೇ ಕಂಪೈಲ್ ಮಾಡೋಣ ಎಂದರೆ ಅದೇ ಕರ್ನಲ್ಲಿನ ಸೋರ್ಸ್ ಬೇಕು. ಲಿನಕ್ಸಿನ ಲೈಸೆನ್ಸ್ ಜಿಪಿಎಲ್ ಪ್ರಕಾರ ಅವರು ಕೊಡಲೇಬೇಕು. ಮೂರು ಮೇಲ್ ಹಾಕಿದ ಮೇಲೆ ಒಂದು ಕಟ್ಟು ಕಳಿಸಿದರು, ಬೇರೆ ವರ್ಷನ್ನಿನದು. ಅದರಲ್ಲಿ ಕಟ್ಟಿದ ಮಾಡ್ಯೂಲನ್ನು ಬೋರ್ಡ್ "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಎಂದು ಮುಖಕ್ಕೆ ಎಸೆಯಿತು.

ಬೋರ್ಡಿಗೆ ದುಡ್ಡು ಕೊಡುವ ಮೊದಲೇ ಸೋರ್ಸ್ ತರಿಸಿ, ಒಂದು ಸಲ ಕಂಪೈಲ್ ಮಾಡಿ, ಅದರಿಂದಲೇ ಬೋರ್ಡ್ ಬೂಟ್ ಆಗುತ್ತದಾ ನೋಡಿ. ಕನ್ವರ್ಟರ್ ಕೊಳ್ಳುವಾಗ ಬೋರ್ಡನ್ನೇ ಅಂಗಡಿಗೆ ತಗೊಂಡು ಹೋಗಿ, ಒಂದೊಂದನ್ನೂ ಚುಚ್ಚಿ ನೋಡಿ ತನ್ನಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಆ ಐದು ಕನ್ವರ್ಟರ್ ಇನ್ನೂ ನನ್ನ ಡ್ರಾಯರಿನಲ್ಲಿವೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡುತ್ತವೆ.