ಚೆನ್‌ಜಿಯಾಗೌ ತಾಯ್ಚಿ ಶಾಲೆ: ಗೋಡೆ ಬರಹ ಬಿಡಿ, ಜೋಡಿ ಅಭ್ಯಾಸ ನೋಡಿ

ಚೀನಾದ ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರುವ ಚೆನ್‌ಜಿಯಾಗೌ, ಚೆನ್ ಶೈಲಿಯ ತಾಯ್ಚಿ ಎಂಬ ಯುದ್ಧಕಲೆಯ ತವರು. 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಇದನ್ನು ರೂಪಿಸಿದ ಎಂದು ಊರಿನವರು ಹೇಳುತ್ತಾರೆ. ಎಲ್ಲಿ ನೋಡಿದರೂ ತಾಯ್ಚಿ ಶಾಲೆಗಳೇ. ನಾನು ಕಲಿತದ್ದು ಒಂದು ಖಾಸಗಿ ಶಾಲೆಯಲ್ಲಿ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒದೆಯುವುದು, ಹೊಡೆಯುವುದು ನನಗೆ ಬೇಕಿರಲಿಲ್ಲ. ಇವರು ‘ವೂದೆ’ ಅನ್ನುವ, ಅಂದರೆ ಯುದ್ಧಕಲೆ ಕಲಿತವರಿಗೆ ಇರಬೇಕಾದ ನಡತೆಯನ್ನು ಹೇಗೆ ಕಲಿಸುತ್ತಾರೆ ಎಂದು ನೋಡಲು ಹೋದೆ. ಅಂಗಳದ ಗೋಡೆ ತುಂಬ ಅದೇ: ವಿನಯ, ಪ್ರಾಮಾಣಿಕತೆ, ಮರ್ಯಾದೆ, ಧೈರ್ಯ, ತಾಳ್ಮೆ. ಅಕ್ಷರ ಚೆನ್ನಾಗಿದೆ, ಫೋಟೋಗೆ ಸಾಕು. ಈ ಬಗ್ಗೆ ಒಂದು ಭಾಷಣವೂ ಇತ್ತು, ಫೋನಿನ ಅನುವಾದದಲ್ಲಿ ಅರ್ಧ ಕಳೆದುಹೋಯಿತು. ನಷ್ಟವೇನಿಲ್ಲ.

ನಿಜವಾದ ಪಾಠ ಬೆಳಗಿನ ಜಾನ್‌ಜುವಾಂಗ್‌ನಲ್ಲಿ ಶುರು. ಮೊಣಕಾಲು ಸ್ವಲ್ಪ ಬಗ್ಗಿಸಿ, ತೋಳನ್ನು ಎದೆಯ ಮುಂದೆ ದುಂಡಗೆ ಹಿಡಿದು, ಸುಮ್ನೆ ನಿಲ್ಲಬೇಕು. ಶಿಫು, ಅಂದರೆ ಗುರು, ಬಂದು ಸೊಂಟದ ಹಿಂದೆ ಒಂದು ಬೆರಳು ಒತ್ತಿ ಹೋಗುತ್ತಾರೆ. ಅಷ್ಟಕ್ಕೇ ತೊಡೆ ಉರಿಯತೊಡಗುತ್ತದೆ. ಎಷ್ಟು ಹೊತ್ತು ಅಂತ ಹೇಳುವುದಿಲ್ಲ. ಪಕ್ಕದವರು ಕೈ ಇಳಿಸಿದರಾ ಅಂತ ಕಣ್ಣು ಓಡಿಸಿದರೆ ಕತ್ತು ವಾಲುತ್ತದೆ, ಶಿಫುಗೆ ತಿಳಿದುಬಿಡುತ್ತದೆ. ಈ ಊರಿನ ಹಳೆಯ ಕಾಲದ ಗುರು ಚೆನ್ ಚಾಂಗ್‌ಶಿಂಗ್ ಎಷ್ಟು ನೆಟ್ಟಗೆ ನಿಲ್ಲುತ್ತಿದ್ದರೆಂದರೆ, ಹಿರಿಯರ ಹೆಸರು ಬರೆದು ಪೂಜಿಸುವ ಹಲಗೆಯ ಹೆಸರನ್ನೇ ಜನ ಅವರಿಗೆ ಇಟ್ಟಿದ್ದರಂತೆ. ತಾಯ್ಚಿಯ ಇನ್ನೊಂದು ಶೈಲಿಯಾದ ಯಾಂಗ್ ಶೈಲಿಯ ಮೂಲಪುರುಷ ಯಾಂಗ್ ಲುಚಾನ್ ಇವರ ಶಿಷ್ಯ.

ಆದರೆ ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ತುಯ್‌ಶೋ, ಅಂದರೆ ಜೋಡಿ ಅಭ್ಯಾಸದಲ್ಲಿ. ಇಬ್ಬರೂ ಮುಂಗೈ ತಾಗಿಸಿ, ಒಬ್ಬರು ಒತ್ತಿದಾಗ ಇನ್ನೊಬ್ಬರು ಸರಿದು ಜಾಗ ಕೊಡಬೇಕು. ಕೈಗೆ ಕೈ ಅಂಟಿರುವುದರಿಂದ ಇಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಸೋಲಬಾರದು ಅಂತ ಅನ್ನಿಸಿದ ಕೂಡಲೇ ಹೆಗಲು ಬಿಗಿಯುತ್ತದೆ, ಬಿಗಿದ ಹೆಗಲು ಎದುರಿನವರಿಗೆ ಹಿಡಿಕೆ ಆಗುತ್ತದೆ. ನನ್ನ ಜೋಡಿ ಹದಿಹರೆಯದ ಹುಡುಗ. ನಾನು ಜೋರು ಮಾಡಿದಷ್ಟೂ ಅವನ ತೋಳು ಮೆತ್ತಗಾಗುತ್ತಿತ್ತು, ಕೊನೆಗೆ ನನ್ನ ಜೋರೇ ನನ್ನನ್ನು ಮುಂದಕ್ಕೆ ಬೀಳಿಸುತ್ತಿತ್ತು. ಬೀಳುವ ಮೊದಲೇ ಮೊಣಕೈ ಹಿಡಿದುಕೊಳ್ಳುತ್ತಿದ್ದ. ಇನ್ನೊಂದು ಜೋಡಿಯಲ್ಲಿ ಒಬ್ಬ ದಾಂಡಿಗ ಎದುರಾಳಿಯನ್ನು ತಳ್ಳಿ ಜೋರಾಗಿ ನಕ್ಕ. ಶಿಫು ಬೈಯಲಿಲ್ಲ. ಬಲ ಮುಷ್ಟಿಗೆ ಎಡ ಅಂಗೈ ಸೇರಿಸಿ ವಂದಿಸಿ ಮತ್ತೆ ಶುರು ಮಾಡಿ ಅಂದರು. ಅವನು ನಕ್ಕಾಗಲೆಲ್ಲ ಇದೇ. ಮಧ್ಯಾಹ್ನದ ಹೊತ್ತಿಗೆ ಅವನ ನಗು ನಿಂತಿತ್ತು, ತಳ್ಳುವುದೂ ಹದವಾಗಿತ್ತು.

ಈಗ ಬೇಸರದ ವಿಷಯ. ನಾನು ಬಂದು ಇನ್ನೂ ಸರಿಯಾಗಿ ಬೆವರೂ ಸುರಿಸಿರಲಿಲ್ಲ, ಕಚೇರಿಯವರು ‘ಬಾಯ್‌ಶಿ’ ಮಾಡಿಸಿಕೊಳ್ಳುತ್ತೀರಾ ಅಂತ ಕೇಳಿದರು. ಶಿಫುಗೆ ಅಡ್ಡಬಿದ್ದು, ಚಹಾ ಕೊಟ್ಟು ಅವರ ಮನೆತನದ ಶಿಷ್ಯರಾಗುವ ವಿಧಿ ಅದು. ಹಳೆಯ ಪದ್ಧತಿಯಲ್ಲಿ ಗುರು ಹುಡುಗನ ನಡತೆಯನ್ನು ವರ್ಷಗಟ್ಟಲೆ ನೋಡಿ ಆಮೇಲೆ ಒಪ್ಪುತ್ತಿದ್ದರು. ಇಲ್ಲಿ ಅದಕ್ಕೊಂದು ಬೇರೆ ಶುಲ್ಕ, ಜೊತೆಗೆ ವಿಡಿಯೋ. ಚಿಕ್ಕಂದಿನಿಂದ ಇಲ್ಲೇ ಬೆಳೆದ ನನ್ನ ಜೋಡಿ ಹುಡುಗನಿಗೇ ಇನ್ನೂ ಆಗಿಲ್ಲ! ಅಂಥದ್ದನ್ನು ಹೊರಗಿನವರಿಗೆ ಮಾರುವುದು ನನಗೆ ಒಗ್ಗಲಿಲ್ಲ. ಬೇಡ ಅಂದೆ. ಅದಾದ ಮೇಲೂ ಪಾಠದಲ್ಲಿ ಯಾವ ಕೊರತೆಯೂ ಆಗಲಿಲ್ಲ, ಆ ಮಾತನ್ನೂ ಹೇಳಬೇಕು ಅಲ್ವಾ.

ಊಟ ಸಾದಾ: ನೂಡಲ್ಸ್, ಮಾಂಟೌ ಅನ್ನುವ ಹಬೆಯಲ್ಲಿ ಬೇಯಿಸಿದ ಬನ್, ಆಗಾಗ ಈ ಕೌಂಟಿಯ ಹೆಸರುವಾಸಿ ಶಾನ್‌ಯಾವ್ ಗೆಡ್ಡೆ (ಸಿಹಿಗೆಣಸಲ್ಲ). ಕೋಣೆ ಪರವಾಗಿಲ್ಲ. ಜುಲೈ, ಆಗಸ್ಟ್‌ನ ಸೆಕೆ ಜಾಸ್ತಿ, ಆದರೂ ಅಭ್ಯಾಸ ನಿಲ್ಲಿಸುವುದಿಲ್ಲ. ಮೊಣಕಾಲು ನೋವಿದ್ದರೆ ಮೊದಲ ದಿನವೇ ಹೇಳಿ, ಹೆಚ್ಚು ಬಗ್ಗಿಸದೆ ನಿಲ್ಲುವ ಎತ್ತರದ ನಿಲುವು ಕೊಡುತ್ತಾರೆ. ಪೂರ್ತಿ ಶುಲ್ಕ ಮುಂಗಡ ಕಟ್ಟಬೇಡಿ. ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು, ಹಳಬರು ಹೊಸಬರ ಜೊತೆ ತುಯ್‌ಶೋ ಹೇಗೆ ಮಾಡುತ್ತಾರೆ ನೋಡಿ, ಆಮೇಲೆ ಕಟ್ಟಿ.