ಹಾಡಲು ಬಾರದವನ ತಂಬೂರಿ ಪೆಟ್ಟಿಗೆ: ನಾಲ್ಕು ವರ್ಷದ ಬಳಕೆಯ ಮೇಲೆ

ಮಗಳು ಹಾಡು ಕಲಿಯಲಿ ಅಂತ 2021ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದೆವು, ಹಾಡುವವರ ಹಿಂದೆ ತಾನಾಗಿಯೇ ಶ್ರುತಿ ನುಡಿಸುವ ಪೆಟ್ಟಿಗೆ. ಐದೇ ತಿಂಗಳಿಗೆ ಆಕೆ ಹಾಡು ಬಿಟ್ಟು ಬ್ಯಾಡ್ಮಿಂಟನ್ ಹಿಡಿದಳು. ಪೆಟ್ಟಿಗೆ ನನ್ನ ಬರೆಯುವ ಮೇಜಿಗೆ ಬಂತು. ಈಗ ಬರೆಯುವಾಗ ಅದನ್ನೇ ಹಚ್ಚಿಡುತ್ತೇನೆ. ಗಾಯಕರು ಈ ವಿಮರ್ಶೆ ನಂಬಿ ಕೊಳ್ಳಬೇಡಿ. 5ಕ್ಕೆ 3 ಕೊಡುತ್ತೇನೆ.

ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಸುತ್ತ ಕೋಚಿಂಗ್ ಕ್ಲಾಸು, ಪಿಜಿ. ರಾತ್ರಿ ಹನ್ನೊಂದಾದರೂ ಬೈಕಿನ ಸದ್ದು ನಿಲ್ಲುವುದಿಲ್ಲ. ಮೌನದಲ್ಲಿ ಕೂತು ಬರೆಯಿರಿ ಅನ್ನುವವರು ಇಲ್ಲಿ ಒಂದು ವಾರ ಇದ್ದು ನೋಡಲಿ. ಸಂಗೀತ ಹಾಕಿಕೊಂಡೂ ನೋಡಿದೆ. ಮಲ್ಲಿಕಾರ್ಜುನ ಮನಸೂರರು ಇದ್ದ ಊರು, ಬೇರೆ ಏನು ಹಾಕಲಿ? ಆದರೆ ಅವರು ಅಪರೂಪದ ರಾಗ ಎತ್ತಿಕೊಂಡರೆ ಮುಗಿಯಿತು, ಇದು ಯಾವುದಿರಬಹುದು ಅನ್ನುವುದರಲ್ಲೇ ಪೆನ್ನು ನಿಂತುಬಿಡುತ್ತದೆ. ಅವರ ವಚನ ಹಾಕಿದರೆ ಇನ್ನೂ ಕಷ್ಟ. ಒಮ್ಮೆ ಕೆರೆಯ ಹೂಳಿನ ಬಗ್ಗೆ ಬರೆಯುತ್ತಿದ್ದೆ. ಮರುದಿನ ಓದಿದರೆ ಹೂಳಿನ ನಡುವೆ ‘ಕೇಳವ್ವಾ’ ಅಂತ ಕೂತಿದೆ! ಕಿವಿಗೆ ಬಿದ್ದ ಮಾತು ಸೀದಾ ಕೈಗೆ ಇಳಿದಿತ್ತು.

ತಂಬೂರಿಯಲ್ಲಿ ಈ ಕಾಟ ಇಲ್ಲ. ಪ ಸ ಸ ಸ, ಮತ್ತೆ ಪ ಸ ಸ ಸ. ಮಾತಿಲ್ಲ, ಮುಂದೇನು ಅನ್ನುವ ಕುತೂಹಲವೂ ಇಲ್ಲ. ಪಕ್ಕದ ಮನೆಯ ಧಾರಾವಾಹಿ, ಮೆಟ್ಟಿಲ ಮೇಲಿನ ಚಪ್ಪಲಿ ಸದ್ದು, ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಹಾರ್ನ್ ಮಾತ್ರ ದಾಟಿ ಬರುತ್ತದೆ. ಶ್ರುತಿಯನ್ನು ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕರಿ ಮನೆಯ ಸ್ವರ) ಇಟ್ಟರೆ ನನಗೆ ಸರಿ, ಅದಕ್ಕಿಂತ ಜಾಸ್ತಿ ಏರಿಸಿದರೆ ತಲೆನೋವು. ಪಕ್ಕದ ಮನೆ ಅಜ್ಜಿ ಆರು ತಿಂಗಳು ಕಾದು ಕೇಳಿಯೇ ಬಿಟ್ಟರು: “ದಿನಾ ತಂಬೂರಿ ಹಚ್ಚತೀಯಲ್ಲೋ ತಮ್ಮಾ, ಹಾಡೂದು ಯಾವಾಗ?”

ಎರಡನೇ ವರ್ಷ ವಾಲ್ಯೂಮ್ ಗುಂಡಿ ತಿರುವಿದರೆ ಕರಕರ ಅನ್ನತೊಡಗಿತು. ಹುಬ್ಬಳ್ಳಿಯ ರಿಪೇರಿ ಅಂಗಡಿಯವನು “ಒಳಗ ಧೂಳು ಕುಂತೈತ್ರಿ” ಅಂತ ಏನೋ ಸ್ಪ್ರೇ ಹೊಡೆದು 150 ರೂಪಾಯಿ ತೊಗೊಂಡ. ಮೂರು ತಿಂಗಳಿಗೆ ಮತ್ತೆ ಅದೇ ಕರಕರ. ಈಗ ಗುಂಡಿ ಮುಟ್ಟುವುದೇ ಬಿಟ್ಟಿದ್ದೇನೆ. ಅಡಾಪ್ಟರ್ ಬಿಸಿಯಾಗುತ್ತದೆ.

ಇನ್ನು ನಾದ. ಮಿರಜಿನಲ್ಲಿ ಮಾಡುವಂಥ ನಿಜವಾದ ತಂಬೂರಿಯಲ್ಲಿ ತಂತಿಯ ಕೆಳಗೆ ಒಂದು ನೂಲು ಸಿಕ್ಕಿಸಿರುತ್ತಾರೆ. ಅದರಿಂದ ಹುಟ್ಟುವ ಝೇಂಕಾರಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ, ಅಲ್ವಾ? ಪೆಟ್ಟಿಗೆಯದು ಎರಡೂ ಅರ್ಥದಲ್ಲಿ ಜವಾರಿ ಅಲ್ಲ, ಹೈಬ್ರಿಡ್ ಟೊಮೆಟೊ. ಪ್ರತಿ ಸುತ್ತೂ ಅಚ್ಚು ಹೊಡೆದಂತೆ ಒಂದೇ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಚೆಂದ ಇದ್ದಿದ್ದರೆ ಬರೆಯುವುದು ಬಿಟ್ಟು ಕೇಳುತ್ತ ಕೂತಿರುತ್ತಿದ್ದೆ.

ತಿದ್ದುವಾಗ ಮಾತ್ರ ಬಂದ್ ಮಾಡುತ್ತೇನೆ. ನನಗೆ ಬರೆದಿದ್ದನ್ನು ಗಟ್ಟಿಯಾಗಿ ಓದಿ ತಿದ್ದುವ ರೂಢಿ. ಹಿಂದೆ ಶ್ರುತಿ ಇದ್ದರೆ ಕೆಟ್ಟ ವಾಕ್ಯವೂ ಭಜನೆಯ ಹಾಗೆ ತೇಲಿಹೋಗುತ್ತದೆ, ಎಡವಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೆ ಬೆಳಗಿನ ಐದು ಗಂಟೆ, ಪಿಜಿ ಹುಡುಗರು ಏಳುವ ಮೊದಲು.

ಬರೆಯುವುದಕ್ಕಷ್ಟೇ ಅಂತ ಹೊಸದು ಕೊಳ್ಳಬೇಡಿ. ಮೊಬೈಲಿನಲ್ಲಿ ಪುಕ್ಕಟೆ ತಂಬೂರಿ ಆಪ್‌ಗಳಿವೆ. ನಾನು ಪೆಟ್ಟಿಗೆ ಬಿಟ್ಟಿಲ್ಲ, ಯಾಕೆಂದರೆ ಅದಕ್ಕೆ ವಾಟ್ಸ್ಆಪ್ ಬರುವುದಿಲ್ಲ.